ಮೋಟಾರುಗಾಡಿಯ ಫ್ಯೂಸುಪೆಟ್ಟಿಗೆಯಿಂದ ಹೊಸ ಕವಲು

ಕಾರ್ಖಾನೆಯಿಂದ ಹೊರಬಂದ ಕಾರು ಬಂದ ಹಾಗೆಯೇ ಬಹುಕಾಲ ಉಳಿಯುವುದು ಅಪರೂಪ. ಕೊಂಡವರು ಅದಕ್ಕೆ ಒಂದೊಂದಾಗಿ ಹೊಸ ಉಪಕರಣಗಳನ್ನು ಸೇರಿಸುತ್ತ ಹೋಗುತ್ತಾರೆ. ಮಲೆನಾಡಿನ ಘಾಟಿಗಳಲ್ಲಿ ಓಡಾಡುವವರಿಗೆ ಮಂಜುದೀಪಗಳು ಬೇಕು. ನಗರದಲ್ಲಿ ಓಡಿಸುವವರಿಗೆ ಮುಂಗಾಜಿನ ಹಿಂದೆ ಕುಳಿತು ದಾರಿಯನ್ನು ಚಿತ್ರಿಸುವ ಕ್ಯಾಮೆರಾ ಬೇಕು. ದೂರ ಪ್ರಯಾಣ ಮಾಡುವವರಿಗೆ ಚಕ್ರಕ್ಕೆ ಗಾಳಿ ತುಂಬುವ ಪುಟ್ಟ ಪಂಪು ಬೇಕು. ಇವೆಲ್ಲಕ್ಕೂ ವಿದ್ಯುತ್ತು ಬರಬೇಕಾದುದು ಕಾರಿನ ಬ್ಯಾಟರಿಯಿಂದಲೇ. ಅದನ್ನು ಪಡೆಯಲು ಅತಿ ಸುಲಭವಾದ ಸ್ಥಳವೆಂದು ತೋರುವುದು ಫ್ಯೂಸುಪೆಟ್ಟಿಗೆ. ಕಾರಿನ ಬಹುಮಟ್ಟಿನ ವಿದ್ಯುತ್ ಮಂಡಲಗಳು ಅಲ್ಲಿ ಒಂದೆಡೆ ಕೂಡಿರುತ್ತವೆ. ಯಾವುದಾದರೊಂದು ಫ್ಯೂಸಿನ ಪಕ್ಕಕ್ಕೆ ಒಂದು ತಂತಿಯನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ.

ಕೆಲಸವೇನೋ ಮುಗಿಯುತ್ತದೆ, ದೀಪ ಉರಿಯುತ್ತದೆ, ಕ್ಯಾಮೆರಾ ನಡೆಯುತ್ತದೆ. ಆದರೆ ತಂತಿಯನ್ನು ಎಲ್ಲಿ, ಹೇಗೆ ಸಿಕ್ಕಿಸಿದೆವು ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಆ ಕಾರು ವರ್ಷಗಟ್ಟಲೆ ನಿರಪಾಯವಾಗಿ ಓಡಬಹುದು. ಇಲ್ಲವೆ ಒಂದು ದಿನ ಚಾಲಕನ ಮುಂದಿನ ಫಲಕದ ಹಿಂದಿನಿಂದ ಹೊಗೆ ಏಳಬಹುದು. ಇವೆರಡರ ನಡುವಣ ವ್ಯತ್ಯಾಸವನ್ನು ಅರಿಯಲು ಬೇಕಾದ ಭೌತವಿಜ್ಞಾನವೆಲ್ಲ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿಯೇ ಇದೆ. ಓಮ್, ಜೌಲ್, ಕಿರ್ಚಾಫ್ ಇವರ ನಿಯಮಗಳನ್ನು ಫ್ಯೂಸುಪೆಟ್ಟಿಗೆಗೆ ಅನ್ವಯಿಸಿ ನೋಡೋಣ.

ಹನ್ನೆರಡು ವೋಲ್ಟಿನಲ್ಲಿ ಅಪಾಯವೇನು?

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ವಿಭವಾಂತರ 230 ವೋಲ್ಟ್. ಸಾಮಾನ್ಯ ಕಾರಿನ ಬ್ಯಾಟರಿಯದು 12 ವೋಲ್ಟ್ ಮಾತ್ರ. ಒಣಗಿದ ಕೈಯಿಂದ ಬ್ಯಾಟರಿಯ ಎರಡು ಅಗ್ರಗಳನ್ನು ಮುಟ್ಟಿದರೂ ಧಕ್ಕೆ ತಗಲುವುದಿಲ್ಲ. ಇದರಿಂದ ಕಾರಿನ ವಿದ್ಯುತ್ತು ಸಾಧುವಾದುದೆಂಬ ಭಾವನೆ ಹಬ್ಬಿದೆ. ಧಕ್ಕೆಯ ಮಟ್ಟಿಗೆ ಇದು ನಿಜ. ಬೆಂಕಿಯ ಮಟ್ಟಿಗೆ ನಿಜವಲ್ಲ.

ವಿದ್ಯುತ್ ಸಾಮರ್ಥ್ಯವು ವಿಭವಾಂತರ ಮತ್ತು ಪ್ರವಾಹಗಳ ಗುಣಲಬ್ಧವಷ್ಟೆ. ಮನೆಯಲ್ಲಿ 60 ವಾಟಿನ ದೀಪಕ್ಕೆ ಸುಮಾರು ಕಾಲು ಆಂಪೇರ್ ಸಾಕು. ಕಾರಿನಲ್ಲಿ ಅಷ್ಟೇ ಸಾಮರ್ಥ್ಯದ ದೀಪಕ್ಕೆ 5 ಆಂಪೇರ್ ಬೇಕು. ವಿಭವಾಂತರ ಕಡಮೆಯಾದಷ್ಟೂ ಪ್ರವಾಹ ಹೆಚ್ಚಬೇಕು. ತಂತಿಯನ್ನು ಕಾಯಿಸುವುದು ಪ್ರವಾಹವೇ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎಂಜಿನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಮಿಕ್ಕ ಆಂಪೇರ್ ಪ್ರವಾಹವನ್ನು ಕೊಡಬಲ್ಲಂತೆ ಕಾರಿನ ಬ್ಯಾಟರಿಯನ್ನು ರಚಿಸಿದ್ದಾರೆ. ಆದುದರಿಂದ ಅದರ ಆಂತರಿಕ ರೋಧ ಒಂದು ಓಮಿನ ನೂರರಲ್ಲೊಂದು ಭಾಗದಷ್ಟು, ಅಥವಾ ಅದಕ್ಕಿಂತಲೂ ಕಡಮೆ. ಕೇಳಿದವರಿಗೆ ಕೇಳಿದಷ್ಟು ಪ್ರವಾಹವನ್ನು ಕೊಡುವುದು ಅದರ ಸ್ವಭಾವ. ಎರಡನೆಯದಾಗಿ, ಬ್ಯಾಟರಿಯ ಋಣಾಗ್ರವನ್ನು ಕಾರಿನ ಲೋಹದ ಒಡಲಿಗೇ ಜೋಡಿಸಿರುತ್ತಾರೆ. ಮೆಕ್ಯಾನಿಕರು ಇದನ್ನು 'ಅರ್ತ್' ಎನ್ನುತ್ತಾರೆ. ಪ್ರವಾಹವು ತಂತಿಯಲ್ಲಿ ಹೋಗಿ ಒಡಲಿನ ಮೂಲಕ ಹಿಂದಿರುಗುತ್ತದೆ. ಇದರಿಂದ ತಂತಿಯ ವೆಚ್ಚ ಅರ್ಧಕ್ಕೆ ಉಳಿಯಿತು. ಆದರೆ ಧನಾಗ್ರದಿಂದ ಬರುವ ತಂತಿಯ ಹೊದಿಕೆ ಎಲ್ಲಿ ಸವೆದು ತಗಡಿಗೆ ತಗಲಿದರೂ ಅಲ್ಲಿಯೇ ಮಂಡಲ ಪೂರ್ಣವಾಗುತ್ತದೆ. ಇದೇ ಹ್ರಸ್ವಮಂಡಲ. ಸದಾ ಅದುರುವ, ಕಾಯುವ, ತಣಿಯುವ ಯಂತ್ರವೊಂದರಲ್ಲಿ ಹೊದಿಕೆ ಸವೆಯುವುದು ಆಶ್ಚರ್ಯವಲ್ಲ.

ಫ್ಯೂಸು ಕಾಯುವುದು ಯಾವುದನ್ನು?

ವಾಹಕದಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂಬುದನ್ನು ಜೌಲನು 1841ರಲ್ಲಿ ಪ್ರಕಟಿಸಿದನು. ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟು, ಹತ್ತರಷ್ಟಾದರೆ ನೂರರಷ್ಟು. ಸಿಡಿಲಿನ ಹೊಡೆತದಿಂದ ತಂತಿ ಕಚೇರಿಗಳ ಉಪಕರಣಗಳನ್ನು ಉಳಿಸಲು, ಹೊರಗಿನಿಂದ ಬರುವ ತಂತಿಯಲ್ಲಿ ಒಂದು ತುಂಡನ್ನು ಬೇಕೆಂದೇ ತೆಳುವಾಗಿಡಬೇಕೆಂದು ಫ್ರಾನ್ಸಿನ ಬ್ರೆಗೆ 1847ರಲ್ಲಿ ಸೂಚಿಸಿದನು. ಆ ತುಂಡು ಕರಗಿಹೋದರೆ ಉಳಿದುದು ಉಳಿಯುತ್ತದೆ. ಫ್ಯೂಸಿನ ತತ್ತ್ವ ಇಷ್ಟೆ: ಮಂಡಲದಲ್ಲಿ ತಿಳಿದೂ ತಿಳಿದೂ ಇಟ್ಟ ದುರ್ಬಲವಾದ ಕೊಂಡಿ.

ಈಗಿನ ಕಾರುಗಳಲ್ಲಿರುವುದು ಬಣ್ಣದ ಪ್ಲಾಸ್ಟಿಕ್ಕಿನ ನಡುವೆ ಎರಡು ಚಪ್ಪಟೆ ಲೋಹದ ಕಾಲುಗಳುಳ್ಳ ಬ್ಲೇಡ್ ಫ್ಯೂಸು. ಕಾಲುಗಳನ್ನು ಕೂಡಿಸುವ ಸತುವಿನ ಕಿರಿದಾದ ಸೇತುವೆಯೇ ಕರಗುವ ಭಾಗ. ಬಣ್ಣದಿಂದಲೇ ಅದರ ಮಿತಿಯನ್ನು ತಿಳಿಯಬಹುದು: ತಿಳಿಗಂದು 5 ಆಂಪೇರ್, ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30.

ಇಲ್ಲಿ ಒಂದು ಪ್ರಶ್ನೆ. ಕ್ಯಾಮೆರಾದ ತಂತಿಯಲ್ಲಿ ಫ್ಯೂಸನ್ನು ಇಟ್ಟರೆ ಅದು ಕಾಯುವುದು ಯಾವುದನ್ನು? ಕ್ಯಾಮೆರಾವನ್ನು ಎಂದು ಹೆಚ್ಚಿನವರು ಉತ್ತರ ಕೊಡುವರು. ಆದರೆ ಕ್ಯಾಮೆರಾದೊಳಗಿನ ಸೂಕ್ಷ್ಮವಾದ ಅರೆವಾಹಕ ಭಾಗಗಳು ಕೆಡುವುದಕ್ಕೆ, ಫ್ಯೂಸು ಕರಗಲು ಬೇಕಾದುದಕ್ಕಿಂತ ಎಷ್ಟೋ ಕಡಮೆ ಕಾಲ ಸಾಕು. ಫ್ಯೂಸು ನಿಜವಾಗಿ ಕಾಯುವುದು ತಂತಿಯನ್ನು. ತಂತಿ ಬೆಂಕಿಯ ಮೂಲವಾಗದಂತೆ ನೋಡಿಕೊಳ್ಳುವುದೇ ಅದರ ಮುಖ್ಯ ಕರ್ತವ್ಯ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಬರುತ್ತವೆ.

ಒಂದು ಲೆಕ್ಕ

ಕ್ಯಾಮೆರಾಕ್ಕಾಗಿ 4 ಮೀಟರ್ ಉದ್ದದ, 0.75 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯನ್ನು ಎಳೆದಿದ್ದೇವೆ ಎಂದಿಟ್ಟುಕೊಳ್ಳೋಣ. ತಾಮ್ರದ ವಿಶಿಷ್ಟ ರೋಧ 1.7 × 10⁻⁸ ಓಮ್-ಮೀಟರ್. ಇದನ್ನು ಉದ್ದದಿಂದ ಗುಣಿಸಿ ಅಡ್ಡಕೊಯ್ತದಿಂದ ಭಾಗಿಸಿದರೆ ತಂತಿಯ ರೋಧ ಸುಮಾರು 0.09 ಓಮ್ ಆಗುತ್ತದೆ. ಬ್ಯಾಟರಿಯ ಆಂತರಿಕ ರೋಧ 0.01 ಓಮ್ ಎಂದು ಹಿಡಿದರೆ ಒಟ್ಟು 0.1 ಓಮ್.

ಈ ತಂತಿಯನ್ನು ಫ್ಯೂಸಿಲ್ಲದೆ ನೇರವಾಗಿ ಧನಾಗ್ರಕ್ಕೆ ಜೋಡಿಸಿದ್ದು, ಅದರ ಇನ್ನೊಂದು ತುದಿ ಕಾರಿನ ಒಡಲಿಗೆ ತಗಲಿತೆನ್ನೋಣ. ಓಮನ ನಿಯಮದಂತೆ ಪ್ರವಾಹ 12 ÷ 0.1, ಅಂದರೆ 120 ಆಂಪೇರ್. ತಂತಿಯಲ್ಲಿ ಹುಟ್ಟುವ ಉಷ್ಣ 120 × 120 × 0.09, ಸುಮಾರು 1300 ವಾಟ್. ಬಟ್ಟೆಗೆ ಹಾಕುವ ಇಸ್ತ್ರಿ ಪೆಟ್ಟಿಗೆಯದು ಸಾಮಾನ್ಯವಾಗಿ 1000 ವಾಟ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ.

ಈ ಉಷ್ಣವನ್ನು ಹೀರುವ ತಾಮ್ರವಾದರೂ ಎಷ್ಟು? ಅದರ ಘನಗಾತ್ರ 3 ಘನ ಸೆಂಟಿಮೀಟರ್, ತೂಕ ಸುಮಾರು 27 ಗ್ರಾಂ. ತಾಮ್ರದ ವಿಶಿಷ್ಟೋಷ್ಣ ಗ್ರಾಮಿಗೆ 0.385 ಜೌಲ್. ಆದುದರಿಂದ ಇಡೀ ತಂತಿಯ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸಲು 10.4 ಜೌಲ್ ಸಾಕು. ಸೆಕೆಂಡಿಗೆ 1300 ಜೌಲ್ ಬೀಳುತ್ತಿರುವಾಗ ಉಷ್ಣತೆ ಸೆಕೆಂಡಿಗೆ ಸುಮಾರು 125 ಡಿಗ್ರಿಯಂತೆ ಏರುತ್ತದೆ. ಸಾಮಾನ್ಯ ದರ್ಜೆಯ ಪಿ.ವಿ.ಸಿ. ಹೊದಿಕೆಗೆ ವಿಧಿಸಿರುವ ಮಿತಿ 70 ಡಿಗ್ರಿ. ಆ ಮಿತಿಯನ್ನು ದಾಟಲು ಅರ್ಧ ಸೆಕೆಂಡು ಸಾಕು. ಮರುಕ್ಷಣಗಳಲ್ಲಿ ಹೊದಿಕೆ ಕರಗಿ, ಸುತ್ತಲಿನ ತಂತಿಗಳಿಗೂ ಬಟ್ಟೆಗೂ ಕಾವು ತಗಲುತ್ತದೆ. ಚಾಲಕನಿಗೆ ಕಾರನ್ನು ಬದಿಗೆ ನಿಲ್ಲಿಸುವಷ್ಟು ವ್ಯವಧಾನವೂ ಇರುವುದಿಲ್ಲ.

ಅದೇ ತಂತಿಯ ಬುಡದಲ್ಲಿ 5 ಆಂಪೇರಿನ ಫ್ಯೂಸೊಂದು ಇದ್ದಿದ್ದರೆ? 120 ಆಂಪೇರ್ ಎಂದರೆ ಅದರ ಮಿತಿಯ 24 ಪಟ್ಟು. ಬ್ಲೇಡ್ ಫ್ಯೂಸು ಮಿತಿಯ ಆರು ಪಟ್ಟಿಗೇ ಹತ್ತನೆಯ ಒಂದು ಸೆಕೆಂಡಿನೊಳಗಾಗಿ ಕರಗಬೇಕೆಂಬುದು ನಿಯಮ. ಅಷ್ಟರಲ್ಲಿ ತಂತಿಯ ಉಷ್ಣತೆ ಏರುವುದು ಹೆಚ್ಚೆಂದರೆ 12 ಅಥವಾ 13 ಡಿಗ್ರಿ. ಮುಟ್ಟಿದವರಿಗೆ ಬೆಚ್ಚಗಾಯಿತೆಂದೂ ತೋರಲಿಕ್ಕಿಲ್ಲ.

'ತಂತಿಯ ಬುಡದಲ್ಲಿ' ಎಂದುದನ್ನು ಗಮನಿಸಬೇಕು. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನು ಮಾತ್ರ. ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಯಲ್ಲಿ ಹ್ರಸ್ವಮಂಡಲವಾದರೆ ಪ್ರವಾಹ ಫ್ಯೂಸನ್ನು ಹಾಯುವುದೇ ಇಲ್ಲ. ಕೆಲವರು ಫ್ಯೂಸನ್ನು ಕೈಗೆ ಸಿಗುವಂತೆ ಕ್ಯಾಮೆರಾದ ಪಕ್ಕದಲ್ಲಿ ಇಡುವುದುಂಟು. ಇದು ಹಿತ್ತಿಲಿನಲ್ಲಿ ಕಾವಲು ಕೂರಿಸಿ ಹೆಬ್ಬಾಗಿಲನ್ನು ತೆರೆದಿಟ್ಟಂತೆ. ಫ್ಯೂಸಿನ ಸ್ಥಾನ ವಿದ್ಯುತ್ತು ಹೊರಡುವಲ್ಲಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ.

ಒಂದು ಪ್ರಯೋಗ

ಈ ತತ್ತ್ವವನ್ನು ಕಾರನ್ನು ಮುಟ್ಟದೆಯೇ ಕಣ್ಣಾರೆ ಕಾಣಬಹುದು. ಒಂದೂವರೆ ವೋಲ್ಟಿನ ಎರಡು ಟಾರ್ಚು ಕೋಶಗಳು, ತಂತು ಉಳ್ಳ ಹಳೆಯ ಬಗೆಯ ಪುಟ್ಟ ಟಾರ್ಚು ಬಲ್ಬು, ಬಣ್ಣ ಬಳಿಯುವವರು ಉಜ್ಜಲು ಬಳಸುವ ಉಕ್ಕಿನ ನಾರಿನ ಎರಡು ಮೂರು ಎಳೆಗಳು ಇಷ್ಟು ಸಾಕು. ಉಕ್ಕಿನ ಎಳೆಗಳನ್ನು ಪಿಂಗಾಣಿ ತಟ್ಟೆಯ ಮೇಲಿಟ್ಟು, ಬಲ್ಬಿನೊಡನೆ ಒಂದೇ ಸಾಲಿನಲ್ಲಿ ಕೋಶಗಳಿಗೆ ಜೋಡಿಸಬೇಕು. ಬಲ್ಬು ಉರಿಯುತ್ತದೆ, ಎಳೆಗೆ ಏನೂ ಆಗುವುದಿಲ್ಲ. ಈಗ ಬಲ್ಬಿನ ಎರಡು ತುದಿಗಳನ್ನು ದಪ್ಪ ತಂತಿಯ ತುಂಡಿನಿಂದ ಕೂಡಿಸಿದರೆ ಎಳೆ ಕೆಂಪಗೆ ಕಾದು ತುಂಡಾಗುತ್ತದೆ. ದಪ್ಪ ತಂತಿ ತಣ್ಣಗೆ ಉಳಿಯುತ್ತದೆ. ಬಲ್ಬು ಕ್ಯಾಮೆರಾ ಎಂದೂ, ಉಕ್ಕಿನ ಎಳೆ ಫ್ಯೂಸು ಎಂದೂ ಭಾವಿಸಬಹುದು. ಕಿಡಿ ಹಾರುವುದರಿಂದ ಕಾಗದ, ಬಟ್ಟೆಗಳನ್ನು ದೂರವಿಟ್ಟು, ಅಧ್ಯಾಪಕರ ಎದುರಿನಲ್ಲಿಯೇ ಮಾಡತಕ್ಕದ್ದು. ಕಾರಿನ ಬ್ಯಾಟರಿಯನ್ನು ಈ ಪ್ರಯೋಗಕ್ಕೆ ಎಂದಿಗೂ ಬಳಸಕೂಡದು.

ದೊಡ್ಡ ಫ್ಯೂಸಿನ ಮೋಸ

ಮನೆಯ ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ತಾಮ್ರದ ನಾಲ್ಕು ಎಳೆಗಳನ್ನು ಸೇರಿಸಿ ಕಟ್ಟಿ, ಇನ್ನು ಹೋಗುವುದಿಲ್ಲವೆಂದು ನಿಶ್ಚಿಂತರಾಗುವವರನ್ನು ನಾವೆಲ್ಲರೂ ಬಲ್ಲೆವು. ಕಾರಿನಲ್ಲಿ ಇದೇ ಅಭ್ಯಾಸ ಕಂದು ಫ್ಯೂಸನ್ನು ಕಿತ್ತು ಹಸಿರು ಫ್ಯೂಸನ್ನು ಹಾಕುವ ರೂಪವನ್ನು ತಾಳುತ್ತದೆ. ಪೂರ್ಣ ಹ್ರಸ್ವಮಂಡಲದಲ್ಲಿ 120 ಆಂಪೇರ್ ಹರಿದರೆ 30 ಆಂಪೇರಿನ ಫ್ಯೂಸು ಕೂಡ ಬೇಗನೆ ಕರಗುತ್ತದೆ. ಹಾಗಿದ್ದರೆ ದೋಷವೆಲ್ಲಿ?

ದೋಷವಿರುವುದು ಅರೆಬರೆಯಾದ ಹ್ರಸ್ವಮಂಡಲದಲ್ಲಿ. ಸವೆದ ತಂತಿ ತುಕ್ಕು ಹಿಡಿದ ತಗಡಿಗೆ ಸಡಿಲವಾಗಿ ತಗಲಿದರೆ, ಅಥವಾ ಉಪಕರಣವೇ ಒಳಗೆ ಕೆಟ್ಟು ಹೆಚ್ಚು ಪ್ರವಾಹವನ್ನು ಎಳೆದರೆ, 30 ಆಂಪೇರಿನಷ್ಟು ಮಾತ್ರ ಹರಿಯಬಹುದು. ಹಸಿರು ಫ್ಯೂಸಿಗೆ ಇದು ತನ್ನ ಮಿತಿಯೊಳಗಿನ ಪ್ರವಾಹ, ಅದು ಕರಗುವುದಿಲ್ಲ. ಮಿತಿಗಿಂತ ನೂರಕ್ಕೆ ಹತ್ತು ಹೆಚ್ಚಾದರೂ ಬ್ಲೇಡ್ ಫ್ಯೂಸು ನೂರು ಗಂಟೆ ತಾಳಿಕೊಂಡಿರಬೇಕು. ಆದರೆ ನಮ್ಮ ತಂತಿಯಲ್ಲಿ ಆಗ ಹುಟ್ಟುವ ಉಷ್ಣ 30 × 30 × 0.09, ಎಂದರೆ 81 ವಾಟ್. ಪ್ರತಿ ಮೀಟರಿಗೂ 20 ವಾಟ್. ರೇಡಿಯೋ ರಿಪೇರಿಯ ಸಣ್ಣ ಬೆಸುಗೆ ಕಬ್ಬಿಣಕ್ಕೆ 25 ವಾಟ್ ಇರುತ್ತದೆ. ಗಾಳಿಯಾಡದ ಫಲಕದ ಹಿಂದೆ, ಇತರ ತಂತಿಗಳ ಕಟ್ಟಿನೊಳಗೆ, ಇಂತಹ ಕಾವು ಗಂಟೆಗಟ್ಟಲೆ ಇದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಅದೇ 5 ಆಂಪೇರಿನ ಫ್ಯೂಸಿಗೆ 30 ಆಂಪೇರ್ ಎಂದರೆ ಆರು ಪಟ್ಟು; ಕ್ಷಣಾರ್ಧದಲ್ಲಿ ಕರಗುತ್ತದೆ.

ಆದುದರಿಂದ ಫ್ಯೂಸನ್ನು ಆರಿಸುವಾಗ ಎರಡು ಮೇರೆಗಳಿವೆ. ಕೆಳಗಿನ ಮೇರೆ ಉಪಕರಣದಿಂದ ಬರುತ್ತದೆ: ಅದರ ಸಾಮಾನ್ಯ ಪ್ರವಾಹ ಫ್ಯೂಸಿನ ಮಿತಿಯ ಮುಕ್ಕಾಲು ಪಾಲನ್ನು ಮೀರದಿರುವುದು ಒಳ್ಳೆಯದು. ಮೇಲಿನ ಮೇರೆ ತಂತಿಯಿಂದ ಬರುತ್ತದೆ: ತಂತಿ ನಿರಪಾಯವಾಗಿ ಹೊರಬಲ್ಲ ಪ್ರವಾಹಕ್ಕಿಂತ ಫ್ಯೂಸಿನ ಮಿತಿ ಹೆಚ್ಚಾಗಕೂಡದು. ಎರಡು ಮೇರೆಗಳ ನಡುವೆ ಫ್ಯೂಸು ಸಿಕ್ಕದಿದ್ದರೆ ದಪ್ಪವಾಗಬೇಕಾದುದು ತಂತಿ, ಫ್ಯೂಸಲ್ಲ.

ಕವಲು ಒಡೆಯುವ ಬಗೆ

ಫ್ಯೂಸುಪೆಟ್ಟಿಗೆಯಿಂದ ಕವಲು ತೆಗೆಯಲು ಅಂಗಡಿಗಳಲ್ಲಿ ಫ್ಯೂಸ್ ಟ್ಯಾಪ್ ಎಂಬ ಸಾಧನ ಸಿಗುತ್ತದೆ. ಹಳೆಯ ಫ್ಯೂಸನ್ನು ಕಿತ್ತು ಅದರ ಜಾಗದಲ್ಲಿ ಇದನ್ನು ಸಿಕ್ಕಿಸಬೇಕು. ಇದರಲ್ಲಿ ಎರಡು ಫ್ಯೂಸುಗಳಿಗೆ ಸ್ಥಳವಿದೆ: ಒಂದರಲ್ಲಿ ಹಳೆಯ ಮಂಡಲದ ಫ್ಯೂಸು, ಇನ್ನೊಂದರಲ್ಲಿ ಹೊಸ ಉಪಕರಣದ ಫ್ಯೂಸು. ಸಾಧನದ ಎರಡು ಕಾಲುಗಳಲ್ಲಿ ಒಂದು ಎರಡು ಫ್ಯೂಸುಗಳಿಗೂ ಸಮಾನವಾದುದು. ಸಾಧನವನ್ನು ತಿರುಗಿಸಿ ಸಿಕ್ಕಿಸಿದರೂ ಅದು ಕೂರುತ್ತದೆ, ಉಪಕರಣವೂ ನಡೆಯುತ್ತದೆ. ಆದರೆ ಎರಡು ಬಗೆಗಳಿಗೂ ಬಹಳ ವ್ಯತ್ಯಾಸವುಂಟು.

ಕಾಲುವೆಯಿಂದ ಗದ್ದೆಗೆ ನೀರು ಬಿಡುವ ತೂಬನ್ನು ನೆನೆಯೋಣ. ಹೊಸ ಗದ್ದೆಗೆ ಕಾಲುವೆಯಿಂದಲೇ ಬೇರೊಂದು ತೂಬನ್ನು ಇಟ್ಟರೆ ಹಳೆಯ ತೂಬಿನ ಮೇಲೆ ಹೊರೆ ಬೀಳುವುದಿಲ್ಲ. ಹಳೆಯ ತೂಬು ದಾಟಿದ ಮೇಲೆ ಕವಲು ಒಡೆದರೆ ಎರಡು ಗದ್ದೆಗಳ ನೀರೂ ಅದೊಂದರಲ್ಲಿಯೇ ನುಗ್ಗಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ. ಸಮಾನವಾದ ಕಾಲು ಬ್ಯಾಟರಿಯಿಂದ ವಿದ್ಯುತ್ತು ಬರುವ ಕಡೆಗಿದ್ದರೆ ಎರಡು ಪ್ರವಾಹಗಳೂ ತಮ್ಮ ತಮ್ಮ ಫ್ಯೂಸಿನಲ್ಲಿ ಬೇರೆ ಬೇರೆಯಾಗಿ ಹರಿಯುತ್ತವೆ. ಅದು ಇನ್ನೊಂದು ಕಡೆಗಿದ್ದರೆ ಹೊಸ ಪ್ರವಾಹವೂ ಹಳೆಯ ಫ್ಯೂಸನ್ನು ಹಾದೇ ಹೋಗಬೇಕು. ಕಿರ್ಚಾಫನ ಸಂಧಿ ನಿಯಮದಂತೆ ಹಳೆಯ ಫ್ಯೂಸಿನ ಪ್ರವಾಹ ಎರಡರ ಮೊತ್ತವಾಗುತ್ತದೆ. ಹಳೆಯ ಮಂಡಲ 6 ಆಂಪೇರನ್ನೂ ಹೊಸ ಉಪಕರಣ 5 ಆಂಪೇರನ್ನೂ ಎಳೆದರೆ ಹಳೆಯ ಫ್ಯೂಸಿನಲ್ಲಿ 11 ಆಂಪೇರ್ ಹರಿದು, 7.5ರ ಫ್ಯೂಸು ಆಗಾಗ ಕರಗುತ್ತದೆ. ಅಷ್ಟಕ್ಕೆ ನಿಂತರೆ ಅಪಾಯವಿಲ್ಲ. ಆದರೆ ಬೇಸತ್ತ ಮಾಲೀಕ ಆ ಜಾಗದಲ್ಲಿ 15ರದನ್ನು ಹಾಕುತ್ತಾನೆ, ಕಾರ್ಖಾನೆಯವರು 7.5ಕ್ಕೆಂದು ಆರಿಸಿದ ಹಳೆಯ ತಂತಿ ಅಂದಿನಿಂದ ಕಾವಲಿಲ್ಲದೆ ಉಳಿಯುತ್ತದೆ. ತಪ್ಪು ದಿಕ್ಕಿನ ಕೆಡುಕು ಈ ಸುತ್ತುದಾರಿಯಿಂದ ಬರುತ್ತದೆ.

ವಿದ್ಯುತ್ತು ಬರುವ ಕಡೆ ಯಾವುದೆಂದು ತಿಳಿಯುವುದು ಕಷ್ಟವಲ್ಲ. ಫ್ಯೂಸನ್ನು ಕಿತ್ತು, ಕೀಲಿಕೈಯನ್ನು ತಿರುಗಿಸಿ, ಖಾಲಿಯಾದ ಎರಡು ಸೀಳುಗಳಲ್ಲಿ ವಿಭವಮಾಪಕದ ಮುಳ್ಳನ್ನು ಒಂದಾದ ಮೇಲೊಂದರಂತೆ ಇಟ್ಟರೆ, ಒಡಲಿಗೆ ಹೋಲಿಸಿ 12 ವೋಲ್ಟ್ ತೋರುವುದೇ ಆ ಕಡೆ.

ಯಾವ ಮಂಡಲದಿಂದ?

ಫ್ಯೂಸುಪೆಟ್ಟಿಗೆಯ ಮಂಡಲಗಳಲ್ಲಿ ಕೆಲವು ಯಾವಾಗಲೂ ಸಜೀವವಾಗಿರುತ್ತವೆ. ಕೆಲವು ಕೀಲಿಕೈ ತಿರುಗಿಸಿದಾಗ ಮಾತ್ರ. ಕ್ಯಾಮೆರಾ 5 ವಾಟಿನದಾದರೆ ಸುಮಾರು 0.4 ಆಂಪೇರ್ ಎಳೆಯುತ್ತದೆ. ಬ್ಯಾಟರಿ 40 ಆಂಪೇರ್-ಗಂಟೆಯದಾದರೆ 100 ಗಂಟೆಗಳಲ್ಲಿ ಬರಿದಾಗುತ್ತದೆ. ಅರ್ಧ ಬರಿದಾದರೇ ಎಂಜಿನು ಎಬ್ಬಿಸುವುದು ಕಷ್ಟವಾಗಬಹುದಾದುದರಿಂದ, ನಿಲ್ಲಿಸಿಟ್ಟ ಕಾರಿಗೆ ಸಿಗುವ ಅವಧಿ ಎರಡು ದಿನ ಮಾತ್ರ. ಆದುದರಿಂದ ಇಂತಹ ಉಪಕರಣಗಳಿಗೆ ಕೀಲಿಕೈಗೆ ಅಧೀನವಾದ ಮಂಡಲವೇ ಯೋಗ್ಯ.

ಅಪಘಾತದಲ್ಲಿ ಉಬ್ಬಿ ಪ್ರಾಣ ಉಳಿಸುವ ಗಾಳಿಚೀಲ, ಬ್ರೇಕು, ಎಂಜಿನಿನ ನಿಯಂತ್ರಣ ಇವುಗಳ ಫ್ಯೂಸುಗಳಿಂದ ಕವಲು ತೆಗೆಯಲೇಬಾರದು. ಹೊಸ ಉಪಕರಣ ಕೆಟ್ಟರೆ ಕ್ಯಾಮೆರಾ ನಿಲ್ಲಬಹುದು. ಬ್ರೇಕಿನ ನೆರವು ನಿಲ್ಲಬಾರದು. ವಿದ್ಯುತ್ ಕಾರುಗಳಲ್ಲಿ ಚಕ್ರ ತಿರುಗಿಸುವ ಬ್ಯಾಟರಿಯ ವಿಭವಾಂತರ ನೂರಾರು ವೋಲ್ಟ್. ಅದರ ಕಿತ್ತಳೆ ಬಣ್ಣದ ತಂತಿಗಳನ್ನು ತರಬೇತಿಯಿಲ್ಲದವರು ಮುಟ್ಟಕೂಡದು. ನಾವಿಲ್ಲಿ ಹೇಳಿದುದೆಲ್ಲ 12 ವೋಲ್ಟಿನ ಮಂಡಲಕ್ಕೆ ಮಾತ್ರ ಸಲ್ಲುತ್ತದೆ.

ಇನ್ನು ಮಂಜುದೀಪಗಳು. 55 ವಾಟಿನ ಎರಡು ತಂತುದೀಪಗಳು 110 ವಾಟಿಗೆ 9 ಆಂಪೇರಿಗೂ ಮಿಕ್ಕು ಎಳೆಯುತ್ತವೆ. ಹಲವು ಫ್ಯೂಸ್ ಟ್ಯಾಪುಗಳು 10 ಆಂಪೇರಿಗೆ ಮಾತ್ರ ಯೋಗ್ಯವಾದುದರಿಂದ ಮಂಜುದೀಪಗಳ ಹೊರೆ ಅವಕ್ಕೆ ಅಂಚಿನದು. ಸರಿಯಾದ ದಾರಿ ರಿಲೇಯನ್ನು ಬಳಸುವುದು. ದೀಪಗಳಿಗೆ ಬೇಕಾದ ಪ್ರವಾಹ ದಪ್ಪ ತಂತಿಯಲ್ಲಿ, ಬ್ಯಾಟರಿಯ ಹತ್ತಿರವೇ ಇಟ್ಟ 15 ಆಂಪೇರಿನ ಫ್ಯೂಸನ್ನು ಹಾದು, ರಿಲೇಯ ಮೂಲಕ ಹರಿಯುತ್ತದೆ. ಫ್ಯೂಸುಪೆಟ್ಟಿಗೆಯ ಕವಲು ಕೊಡಬೇಕಾದುದು ರಿಲೇಯ ಸುರುಳಿಯನ್ನು ಕಾಂತವಾಗಿಸುವ ಅಲ್ಪ ಪ್ರವಾಹವನ್ನು ಮಾತ್ರ; ಒಂದು ಆಂಪೇರಿನ ಐದನೆಯ ಒಂದು ಭಾಗದಷ್ಟು ಸಾಕಾಗುತ್ತದೆ. ದಪ್ಪ ತಂತಿಯಿಂದ ಇನ್ನೊಂದು ಲಾಭವೂ ಉಂಟು. ನಮ್ಮ 0.09 ಓಮಿನ ಸಣ್ಣ ತಂತಿಯಲ್ಲಿ ಈ ಪ್ರವಾಹ ಹರಿದರೆ ದಾರಿಯಲ್ಲಿಯೇ 0.8 ವೋಲ್ಟ್ ಕಳೆದುಹೋಗುತ್ತದೆ. ತಂತುದೀಪದ ಬೆಳಕು ವಿಭವಾಂತರಕ್ಕಿಂತ ಬಹಳ ವೇಗವಾಗಿ ಇಳಿಯುವುದರಿಂದ ಐದನೆಯ ಒಂದು ಪಾಲು ಬೆಳಕು ನಷ್ಟವಾಗುತ್ತದೆ.

ಕೆಲಸಕ್ಕೆ ತೊಡಗುವ ಮೊದಲು ಬ್ಯಾಟರಿಯ ಋಣಾಗ್ರವನ್ನು ಕಳಚಬೇಕು. ಮೇಲೆ ಹೇಳಿದ 12 ವೋಲ್ಟಿನ ಪರೀಕ್ಷೆಯನ್ನು ಅದಕ್ಕೂ ಮುಂಚೆ ಮುಗಿಸಿರಬೇಕು. ಋಣಾಗ್ರವೇ ಏಕೆ ಮೊದಲು? ಅದು ಒಡಲಿಗೇ ಸೇರಿರುವುದರಿಂದ ಕಳಚುವಾಗ ಸ್ಪ್ಯಾನರ್ ತಗಡಿಗೆ ತಗಲಿದರೂ ಏನೂ ಆಗದು. ಧನಾಗ್ರವನ್ನು ಮೊದಲು ಕಳಚಲು ಹೋದರೆ ಅದೇ ಸ್ಪ್ಯಾನರ್ ಹ್ರಸ್ವಮಂಡಲದ ಸೇತುವೆಯಾಗುತ್ತದೆ.

ಸಾರಾಂಶ ಇಷ್ಟು. ಫ್ಯೂಸು ತಂತಿಯ ಕಾವಲು. ತಂತಿಯನ್ನು ನೋಡಿ ಅದರ ಮಿತಿಯನ್ನು ಆರಿಸಬೇಕು. ವಿದ್ಯುತ್ತು ಹೊರಡುವಲ್ಲಿಯೇ ಅದನ್ನು ಇಡಬೇಕು. ಅದು ಕರಗಿದಾಗ ಕಾರಣವನ್ನು ಹುಡುಕದೆ ದೊಡ್ಡದನ್ನು ಹಾಕಬಾರದು. ಕರಗಿದ ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಎಲ್ಲೋ ಒಂದು ಕಡೆ ದೋಷವಿದೆಯೆಂದು ಅದು ಬೆಂಕಿಯಿಲ್ಲದೆ ನಮಗೆ ತಿಳಿಸಿರುತ್ತದೆ.

ಅಭ್ಯಾಸ

1. ಚಕ್ರಕ್ಕೆ ಗಾಳಿ ತುಂಬುವ 12 ವೋಲ್ಟಿನ ಪಂಪು 120 ವಾಟಿನದು. ಮುಕ್ಕಾಲು ಪಾಲಿನ ನಿಯಮದಂತೆ ಅದಕ್ಕೆ ಯಾವ ಬಣ್ಣದ ಫ್ಯೂಸು ಬೇಕು?

2. ತಂತಿಯನ್ನು ಎರಡರಷ್ಟು ದಪ್ಪ ಮಾಡಿದರೆ ಫ್ಯೂಸೇ ಬೇಡವೆಂದು ಒಬ್ಬರು ವಾದಿಸುತ್ತಾರೆ. ಮೇಲಿನ ಲೆಕ್ಕವನ್ನು 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಂತಿಗೆ ಮಾಡಿ, ಪೂರ್ಣ ಹ್ರಸ್ವಮಂಡಲದಲ್ಲಿ ಅದು ಸೆಕೆಂಡಿಗೆ ಎಷ್ಟು ಡಿಗ್ರಿ ಕಾಯುವುದೆಂದು ಕಂಡುಹಿಡಿಯಿರಿ.

ಉತ್ತರಗಳು: 1. ಪ್ರವಾಹ 10 ಆಂಪೇರ್. ನೀಲಿ, ಎಂದರೆ 15 ಆಂಪೇರಿನದು. 2. ಸುಮಾರು 100 ಡಿಗ್ರಿ. ರೋಧ ಇಳಿದಂತೆ ಪ್ರವಾಹ ಏರಿ ಸುಮಾರು 218 ಆಂಪೇರ್ ಆಗುವುದರಿಂದ ದಪ್ಪ ತಂತಿಗೂ ಫ್ಯೂಸು ಬೇಕೇ ಬೇಕು.